ಅಕ್ಕನ ಕೆಂಪು ಗೀಟು

ನನ್ನ ಮೇಜಿನ ಮೇಲೆ ಅಕ್ಕನ ಪುಸ್ತಕವಿದೆ. ಇಂಗ್ಲಿಷನ್ನು ಸ್ಪಷ್ಟವಾಗಿ ಬರೆಯುವುದು ಹೇಗೆಂದು ಹೇಳುವ ಹಳೆಯ, ತೆಳ್ಳನೆಯ ಪುಸ್ತಕ. ಬೆನ್ನು ಕಿತ್ತುಹೋಗಿ ಎಷ್ಟೋ ಕಾಲವಾಯಿತು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಹೇಳುತ್ತಿರುವುದು ಇದರ ದೆಸೆಯಿಂದಲೇ. ಕೇಳಿದ್ದನ್ನೆಲ್ಲ ಫೋನೇ ಬರೆದುಕೊಡುವಾಗ ಇದೇಕೆ ಎನ್ನುವವರಿಗೆ ನನ್ನ ಹತ್ತಿರ ಒಂದೇ ಉತ್ತರವಿದೆ. ಅದು ಅಕ್ಕನ ಕತೆ.

ಅಕ್ಕ ಪಾಂಡವಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದಳು. ನಮ್ಮ ಕಡೆಯ ಮಕ್ಕಳು ಒಂದು ದಿನದ ರಜೆ ಕೇಳಲೂ ಅರ್ಧ ಪುಟ ಕೈಮುಗಿದು, ಕಾಲಿಗೆ ಬಿದ್ದು ಇಂಗ್ಲಿಷ್ ಬರೆಯುತ್ತಿದ್ದರು. ಅಕ್ಕ ಈ ಪುಸ್ತಕ ಹೇಳಿದಂತೆ ಬೇಡದ ಮಾತಿನ ಮೇಲೆಲ್ಲ ಕೆಂಪು ಪೆನ್ನಿನಲ್ಲಿ ಗೀಟೆಳೆಯುತ್ತಾ, "ಮಂಡ್ಯಕ್ಕೆ ಮೇಲ್ಕೋಟೆ ಸುತ್ಕೊಂಡ್ ಯಾಕಮ್ಮಿ ಓಗ್ತೀಯ? ಏನ್ ಬೇಕೋ ಅದ್ನೇಳು" ಎನ್ನುತ್ತಿದ್ದಳು. ಕೊನೆಗೆ ಉಳಿದ ಒಂದು ಸಾಲಿನ ಪಕ್ಕ ರೈಟ್ ಹಾಕುತ್ತಿದ್ದಳು. ನನಗೂ ಅದೇ ಶಿಕ್ಷೆ. ತಂಗಿ ಎಂಬ ದಾಕ್ಷಿಣ್ಯವೇನೂ ಇರಲಿಲ್ಲ.

ಅಪ್ಪ ತೀರಿಕೊಂಡಾಗ ಊರಿನಿಂದ ಫೋನು ಬಂತು. "ವಸಿ ಸೀರಿಯಸ್ಸು, ಬಂದ್ಬುಡಿ" ಎಂದರು ಚಿಕ್ಕಪ್ಪ. ನಮ್ಮಲ್ಲಿ ಸಾವನ್ನು ಹೇಳುವುದೇ ಹಾಗೆ. ನಾಗಮಂಗಲದವರೆಗೂ ನಾವಿಬ್ಬರು ಬಸ್ಸಿನಲ್ಲಿ ಹರಕೆ ಹೊತ್ತುಕೊಂಡೇ ಹೋದೆವು. ಅಂಗಳದಲ್ಲಿ ಹೆಣ ನೋಡಿದ ಮೇಲೆ ಅಕ್ಕ, "ನಂಗ್ಯಾರೂ ಇನ್ಮೇಲೆ ಇಂಗೆ ಸುತ್ತಾಕಿ ಏಳ್ಬ್ಯಾಡಿ" ಎಂದು ಕೂಗಾಡಿದಳು.

ಹೋದ ವರ್ಷ ಅವಳಿಗೆ ಗಂಟಲಿನ ಕಾಯಿಲೆ ಬಂತು. ಆಪರೇಷನ್ನಿನಲ್ಲಿ ದನಿ ಹೋಯಿತು. ಮೂರು ಕ್ಲಾಸಿಗೆ ಕೇಳಿಸುತ್ತಿದ್ದ ದನಿ ಅದು. ಮೈಸೂರಿನ ಡಾಕ್ಟರು ಒಂದು ದಿನ ನನ್ನನ್ನು ಹೊರಗೆ ಕರೆದು, ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಒಳಗೆ ಬಂದೆ. ಅಕ್ಕ ಏನಂತೆ ಎಂದು ಹುಬ್ಬಿನಲ್ಲೇ ಕೇಳಿದಳು.

"ಡಾಕ್ಟ್ರು ಬಾಳ ಒಳ್ಳೇವ್ರು ಕಣಕ್ಕ. ಔಸ್ದಿ ಬದ್ಲಾಯಿಸ್ತಾರಂತೆ. ವಸಿ ನಿಧಾನ ಆಯ್ತದೆ, ದೇವ್ರವ್ನೆ..."

ಅಕ್ಕ ತೋರುಬೆರಳೆತ್ತಿ ಗಾಳಿಯಲ್ಲಿ ಗೀಟೆಳೆದಳು. ನಾನು ಬೇರೆ ಥರ ಶುರುಮಾಡಿದೆ. ಮತ್ತೆ ಗೀಟು. ಅವಳ ಕಣ್ಣಲ್ಲಿ ಸಿಟ್ಟಿತ್ತು. ನನಗೂ ಸಿಟ್ಟು ಬಂತು, ಆ ಪುಸ್ತಕದ ಮೇಲೆ, ಅದನ್ನು ಬರೆದ ಪುಣ್ಯಾತ್ಮನ ಮೇಲೆ. ಅವತ್ತು ನನಗೆ ಬೇಕಿದ್ದದ್ದು ಸುತ್ತುಬಳಸಿನ ಮಾತೇ. ಅದರ ಹಿಂದೆ ಅಡಗಿಕೊಳ್ಳಬೇಕಿತ್ತು. ಅಕ್ಕ ಬಿಡಲಿಲ್ಲ.

ಮಂಚದ ಅಂಚಿನಲ್ಲಿ ಕೂತು ಹೇಳಿದೆ: "ವಾಸಿಯಾಗಲ್ವಂತೆ ಕಣಕ್ಕ."

ಅಕ್ಕ ಕಣ್ಣು ಮುಚ್ಚಿ ತೆರೆದಳು. ಆಮೇಲೆ ನನ್ನ ಕೈ ಎಳೆದುಕೊಂಡು, ಅಂಗೈ ಮೇಲೆ ಬೆರಳಿನಿಂದ ರೈಟ್ ಹಾಕಿದಳು.