ಕಡೇ ಪಂಕ್ತಿಯ ಈರಣ್ಣ ಕಾಕಾ

ಊಟಕ್ಕೆ ಕರೆದ ಮನೆಯಲ್ಲಿ ಈರಣ್ಣ ಕಾಕಾ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅಡುಗೆಮನೆಯೊಳಗೆ ತಲೆ ಹಾಕುವುದು. ಏನು ಬೇಯುತ್ತಿದೆ ಎಂದು ನೋಡುವುದಕ್ಕಲ್ಲ, ಒಲೆಯ ಮುಂದೆ ನಿಂತವರನ್ನು 'ನೀವು ಉಂಡೀರೇನ್ರಿ?' ಎಂದು ಕೇಳುವುದಕ್ಕೆ. ಇಲ್ಲ ಎಂದರೆ ಮುಗಿಯಿತು. ಯಾರು ಕೈ ಹಿಡಿದು ಎಳೆದರೂ ಎಲೆಗೆ ಕೂರುತ್ತಿರಲಿಲ್ಲ. 'ನನಗ ಕಡೀ ಪಂಗತಿ' ಎಂದು ಪೇಪರ್ ಹಿಡಿದು ಮೂಲೆ ಸೇರುತ್ತಿದ್ದರು. ಗಂಡಸರೆಲ್ಲ ಉಂಡು, ಡರ್ರನೆ ತೇಗಿ, ಎಲೆ ಅಡಿಕೆ ಹಾಕಿಕೊಂಡು ಒರಗಿದ ಮೇಲೆ, ಅಡುಗೆ ಮಾಡಿದ ಹೆಂಗಸರ ಜೊತೆ ಕೂತು ತಣ್ಣನೆಯ ಅನ್ನ ಉಣ್ಣುತ್ತಿದ್ದ ಗಂಡಸು ನಮ್ಮ ಬಳಗದಲ್ಲಿ ಅವರೊಬ್ಬರೇ.

ಕಾಕಾ ನನ್ನ ಅಪ್ಪನ ತಮ್ಮ. ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ನಮ್ಮ ಊರಲ್ಲೇ, ತಾರ್ನಾಕ ಬಡಾವಣೆಯಲ್ಲಿದ್ದರು. ಪಿಂಚಣಿ ಶುರುವಾದ ದಿನದಿಂದ ಮನೆಯ ರೊಟ್ಟಿ ಅವರೇ ಬಡಿಯುತ್ತಿದ್ದರು. ಒಂದೂ ದುಂಡಗಿರುತ್ತಿರಲಿಲ್ಲ. 'ಅಡಗಿಮನಿ ತುಂಬ ಹಿಟ್ಟು ಚೆಲ್ಲತಾರ, ಬಳಿಯಾಕಿ ನಾನು' ಎಂದು ಅವರ ಹೆಂಡತಿ, ನಮ್ಮ ಕಾಕು, ಬೈಯುತ್ತಿದ್ದರು. ಬೈಯುತ್ತಲೇ ಬಿಸಿ ರೊಟ್ಟಿ ಮುರಿದು, ಮೇಲೆ ಪುಂಡಿಪಲ್ಯ ಹಾಕಿಕೊಂಡು ಉಣ್ಣುತ್ತಿದ್ದರು. ಬಳಗದವರಿಗೆ ಇದೊಂದು ನಗೆಪಾಟಲು. ನಗುತ್ತಿದ್ದ ಆ ಶೂರರಿಗೆ ಒಂದು ಲೋಟ ನೀರು ಬೇಕಾದರೂ ಹೆಂಡತಿ ಎದ್ದು ಬರಬೇಕಿತ್ತು.

ಆಗ ನಾನು ಸಾಫ್ಟ್‌ವೇರ್ ಕಂಪನಿಗೆ ಹೊಸದಾಗಿ ಸೇರಿದ್ದೆ. ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಕೈಗೆ ಸಂಬಳ ಬಂದಂತೆ ಜನರ ಬಾಯಿಗೆ ಧರ್ಮವೂ ಬರುತ್ತಿತ್ತು. ಕ್ಯಾಂಟೀನಿನಲ್ಲಿ ಒಬ್ಬ ಅಕ್ಕಿ ಬಿಟ್ಟವನು, ಇನ್ನೊಬ್ಬ ಸಕ್ಕರೆ ಬಿಟ್ಟವನು, ಮತ್ತೊಬ್ಬ ಸಾವಯವವಲ್ಲದ ಬದನೆಕಾಯಿಯನ್ನು ಮುಟ್ಟದವನು. ಬಿಟ್ಟಿದ್ದನ್ನು ಊರಿಗೆಲ್ಲ ಸಾರುವುದನ್ನು ಮಾತ್ರ ಒಬ್ಬನೂ ಬಿಟ್ಟಿರಲಿಲ್ಲ.

ನನಗೆ ನೋಡಿದ ವರ ಚಿನ್ಮಯ ಇವರೆಲ್ಲರ ಗುರು. ಕರುವಿನ ಪಾಲು ಕದಿಯಬಾರದೆಂದು ಹಾಲು, ಮೊಸರು, ತುಪ್ಪ ಬಿಟ್ಟಿದ್ದ. ಎತ್ತರದ ಹುಡುಗ, ಮಾತು ಚೆಂದ. ಸುಳ್ಳು ಯಾಕೆ ಹೇಳಲಿ, ನನಗೆ ಭಾಳ ಹಿಡಿಸಿದ್ದ. ಅವನೂ ಒಪ್ಪಿದ್ದ. ಇನ್ನು ನಾವು ಅವರ ಮನೆ ನೋಡಿ ಬಂದರೆ ಮದುವೆ ಗಟ್ಟಿ. ಹಾಗಾಗಿ ಒಂದು ಭಾನುವಾರ ಅಪ್ಪ, ಕಾಕಾ, ನಾನು ಊರಿನ ಇನ್ನೊಂದು ತುದಿಯ ಮಣಿಕೊಂಡದ ಅವರ ಫ್ಲ್ಯಾಟಿಗೆ ಊಟಕ್ಕೆ ಹೋದೆವು.

ದೊಡ್ಡ ಮೇಜಿನ ಸುತ್ತ ಕೂತೆವು. ಚಿನ್ಮಯನ ತಾಯಿ ಶಾಂತಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಮನೆಯ ಯಜಮಾನರಾದ ಗಂಡನಿಗೆ ತುಪ್ಪ ಸವರಿದ್ದು, ಮಗನಿಗೆ ಸವರದ್ದು, ನಮಗೆ ಬೇರೆ. ಒಂದೊಂದೇ ಬಿಸಿ ರೊಟ್ಟಿ ತಂದು ಹಾಕಿ ಓಡುತ್ತಿದ್ದರು. ಚಿನ್ಮಯ ನಮಗೆ ಪಾಠ ಶುರುಮಾಡಿದ್ದ: 'ಅಂಕಲ್, ಹಾಲು ಕುಡಿಯೋವಾಗ ನಿಮಗ ಆ ಕರುವಿನ ಮುಖ ನೆನಪಾಗೂದಿಲ್ಲೇನ್ರಿ?'

ಕಾಕಾ ಇನ್ನೂ ಕೂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದವರು ತಿರುಗಿ, 'ನೆನಪಾಗತೈತಿ ತಮ್ಮಾ. ನಿಮ್ಮವ್ವ ಯಾವಾಗ ಉಣತಾರ?' ಎಂದು ಕೇಳಿದರು.

'ಅವ್ವ ಯಾವಾಗಲೂ ಲಾಸ್ಟಿಗೇ. ಆಕಿಗೆ ಹಂಗ ಸೇರತೈತಿ' ಎಂದ ಮಹಾನುಭಾವ, ರೊಟ್ಟಿ ಮುರಿಯುತ್ತ.

ಕಾಕಾ ತೋಳು ಮಡಿಚಿಕೊಂಡು ಒಳಗೆ ಹೋದರು. 'ಅಯ್ಯ, ಬ್ಯಾಡ್ರಿ ಅಣ್ಣಾರ, ಬೀಗರಾಗೋರು ನೀವು!' ಎಂದು ಶಾಂತಮ್ಮ ಗಾಬರಿಯಾದದ್ದು ಹೊರಗಿದ್ದ ನಮಗೂ ಕೇಳಿಸಿತು.

'ಬೀಗರಾಗೂದು ಆಮ್ಯಾಲ ನೋಡೂಣು. ಮೊದಲ ಕುಂದ್ರರಿ. ಹಸಿವಿ ಎಲ್ಲಾರಿಗೂ ಒಂದ ಟೈಮಿಗೆ ಆಗತೈತಿ.'

ಮುಂದಿನ ರೊಟ್ಟಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದ ಯಜಮಾನರು ಎದ್ದು ಹೋಗಿ ನೋಡಿದರು. ಹಿಂದೆಯೇ ನಾನೂ ಹೋದೆ. ಶಾಂತಮ್ಮ ಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಬಾಗಿಲ ಕಡೆ ಹೆದರಿದ ಕಣ್ಣಿಟ್ಟು ಗಬಗಬನೆ ಉಣ್ಣುತ್ತಿದ್ದರು. ಕಾಕಾ ಹಂಚಿನ ಮುಂದೆ ನಿಂತು ತಮ್ಮ ಸೊಟ್ಟ ರೊಟ್ಟಿ ಬೇಯಿಸುತ್ತಿದ್ದರು. ಯಜಮಾನರ ಮುಖ ಕಪ್ಪಿಟ್ಟಿತು. ಶಾಂತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದರು.

ಮರುದಿನವೇ ಫೋನು ಬಂತು. ನಮ್ಮ ಮನೆಯ ಪದ್ಧತಿ ಅವರಿಗೆ ಹೊಂದುವುದಿಲ್ಲವಂತೆ. ಅಯ್ಯೋ ಪಾಪ, ಹೊಂದುವುದಾದರೂ ಹೇಗೆ! 'ಹುಡುಗಿ ಲಗ್ನಾ ಕೆಡಿಸಿದಿ' ಎಂದು ಅಪ್ಪ ತಮ್ಮನ ಜೊತೆ ಮಾತು ಬಿಟ್ಟರು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಆ ಸಂಜೆ ಕಾಕಾ ಡಬ್ಬಿ ಹಿಡಿದು ಬಂದರು.

'ಸಿಟ್ಟ ಐತೇನು?'

'ಭಾಳ ಐತಿ.'

'ಇರಲಿ. ಉಂಡು ಸಿಟ್ಟು ಮಾಡು.'

ನಾನು ಉಂಡು ಮುಗಿಸುವ ತನಕ ಎದುರಿಗೆ ಕೂತಿದ್ದು ಖಾಲಿ ಡಬ್ಬಿ ತೆಗೆದುಕೊಂಡು ಹೋದರು.

ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡಾಗ ನಾನು ಇನ್ನೂ ಆ ಸಿಟ್ಟನ್ನು ಪೂರ್ತಿ ಬಿಟ್ಟಿರಲಿಲ್ಲ. ಅವರ ಶಿವಗಣಾರಾಧನೆಯ ಊಟಕ್ಕೆ ಬಳಗವೆಲ್ಲ ಬಂತು. ಮೊದಲ ಪಂಕ್ತಿಗೆ ಗಂಡಸರೇ ಕೂತರು! ಈರಣ್ಣ ಎಂಥ ದೊಡ್ಡ ಮನುಷ್ಯ ಎಂದು ಹೊಗಳುತ್ತ, ಹೋಳಿಗೆ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಬಡಿಸುತ್ತಿದ್ದ ನನಗೆ ಸಾರಿನ ಸೌಟಿನಿಂದಲೇ ಒಬ್ಬೊಬ್ಬರ ತಲೆಗೆ ಬಾರಿಸಬೇಕೆನಿಸಿತು.

ಎಲ್ಲ ಮುಗಿದು ಹೆಂಗಸರು ಕೂರುವ ಹೊತ್ತಿಗೆ ನೋಡುತ್ತೇನೆ, ಮೂಲೆಯಲ್ಲಿ ಶಾಂತಮ್ಮ! ಮಣಿಕೊಂಡದಿಂದ ಒಬ್ಬರೇ ಬಸ್ಸು ಬದಲಿಸಿ ಬಂದಿದ್ದರು. ಕಾಕು ಆಗಲೇ ಊಟಕ್ಕೆ ಕರೆದಿದ್ದರೂ ಉಣ್ಣದೆ ಕಡೇ ಪಂಕ್ತಿಗೆ ಕಾದಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

'ಅವತ್ತ ನಿಮ್ಮ ಕಾಕಾ ಬಡದ ರೊಟ್ಟಿ ಸೊಟ್ಟ ಇತ್ತವಾ. ಖರೇ, ಬಿಸಿ ಇತ್ತು. ಲಗ್ನ ಆಗಿ ಆ ಮನಿಗೆ ಬಂದಮ್ಯಾಲ ನಾ ಬಿಸಿ ರೊಟ್ಟಿ ಉಂಡದ್ದು ಅದೊಂದ ಸರ್ತಿ.'

ಮಗನಿಗೆ ಮದುವೆಯಾಯಿತೇ ಎಂದು ಕೇಳಿದೆ.

'ಆತು. ಈಗ ಜೇನುತುಪ್ಪಾನೂ ಬಿಟ್ಟಾನ, ಹುಳದ ಪಾಲು ಅಂತ.' ಎಲೆಯ ಮೇಲೆ ನೀರು ಚಿಮುಕಿಸಿ ಒರೆಸಿದರು. 'ಸೊಸಿ ನನ್ನ ಜೋಡೀನೇ ಉಣತಾಳ. ಕಡೀಗೆ.'

ಬಡಿಸಲು ಗಂಡಸರು ಯಾರೂ ಉಳಿದಿರಲಿಲ್ಲ. ನಾನೇ ಎದ್ದು ಬುಟ್ಟಿ ತಂದು ಅವರ ಎಲೆಗೆ ರೊಟ್ಟಿ ಹಾಕಿದೆ. ತಣ್ಣಗಾಗಿತ್ತು.