ಹತ್ತಿಮತ್ತೂರಿನ ಹೆಪ್ಪು

ಗಡಿಗೆಯ ತಳಕ್ಕೆ ಅಂಟಿದ ಮೊಸರನ್ನು ಬೆರಳಿನಿಂದ ಬಳಿದು ತಿನ್ನುವ ದುರಭ್ಯಾಸ ನನಗೆ ಚಿಕ್ಕಂದಿನಿಂದಲೂ ಇದೆ. ಮಾಸ್ತರನಾದ ಮೇಲೂ ಅದು ಹೋಗಲಿಲ್ಲ. ಒಮ್ಮೆ ಅದರಿಂದ ನನ್ನ ಸಂಸಾರಕ್ಕೇ ಸಂಚಕಾರ ಬಂದಿತ್ತು.

ಐವತ್ತರ ದಶಕದ ಕೊನೆ. ಶಿಗ್ಗಾಂವಿಯಲ್ಲಿ ನಾನು ವಿಜ್ಞಾನದ ಮಾಸ್ತರ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾಂತವ್ವ ಹತ್ತಿಮತ್ತೂರಿನ ತವರಿನಿಂದ ಬರುವಾಗ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಒಂದು ಸಣ್ಣ ಗಡಿಗೆಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಅದರಲ್ಲಿ ಅವಳ ಅವ್ವ ಕೊಟ್ಟ ಹೆಪ್ಪು. ಮರುವರ್ಷ ಅವ್ವ ತೀರಿಕೊಂಡರು. ಅವರ ಸೀರೆಗಳನ್ನು ಸೊಸೆಯಂದಿರು ಹಂಚಿಕೊಂಡರು. ಶಾಂತವ್ವನಿಗೆ ಉಳಿದದ್ದು ಆ ಮೊಸರು.

ಮೊಸರಿನ ವಿಚಿತ್ರ ನೋಡಿ. ಇಂದಿನದಕ್ಕೆ ನಿನ್ನೆಯದು ಒಂದು ಚಮಚೆ ಬೇಕು, ನಿನ್ನೆಯದಕ್ಕೆ ಮೊನ್ನೆಯದು. ಹೀಗೇ ಹಿಂದೆ ಹೋದರೆ ಯಾರ ಮುತ್ತಜ್ಜಿಯ ಒಲೆಯ ಮುಂದೆ ನಿಲ್ಲುತ್ತೇವೋ ಗೊತ್ತಿಲ್ಲ. ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಗಳನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದವನು ನಾನೇ.

ಒಂದು ದಿನ ಶಾಂತವ್ವ ಬಾಣಂತಿ ಅಕ್ಕನನ್ನು ನೋಡಲು ಬಂಕಾಪುರಕ್ಕೆ ಹೊರಟಳು. "ಮೊಸರು ಪೂರಾ ತಿನ್ನಬ್ಯಾಡ್ರಿ. ತಳದಾಗ ಒಂದು ಚಮಚೆ ಬಿಟ್ಟು ಹಾಲಿಗೆ ಹೆಪ್ಪು ಹಾಕ್ರಿ" ಎಂದು ಎರಡು ಸಲ ಹೇಳಿದಳು. ಸಂಜೆ ನಾನು ಪುಸ್ತಕ ಓದುತ್ತ ರೊಟ್ಟಿ ತಿಂದೆ, ಗಡಿಗೆ ಬಳಿದೆ, ಒಳ್ಳೆಯ ಗಂಡನೆನಿಸಿಕೊಳ್ಳಬೇಕೆಂದು ತೊಳೆದೂ ಇಟ್ಟೆ. ಹಾಲು ಕಾಸಿ ಚಮಚೆ ಕೈಗೆತ್ತಿಕೊಂಡಾಗಲೇ ನೆನಪಾದದ್ದು. ಹೆಂಡತಿಗೆ ಉಳಿದಿದ್ದ ಅವ್ವನನ್ನು ನಾನು ಬಚ್ಚಲಿಗೆ ಚೆಲ್ಲಿದ್ದೆ.

ಪಕ್ಕದ ಮನೆಯ ನಿಂಗವ್ವನ ಬಾಗಿಲಿಗೆ ಓಡಿದೆ. ಅವಳ ಕೈಯಲ್ಲಿ ಆಗಷ್ಟೇ ಹಚ್ಚಿದ ದೀಪ.

"ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಂಗಿಲ್ರಿ ಮಾಸ್ತರ" ಎಂದಳು. ನನ್ನ ಮುಖ ನೋಡಿ ಕನಿಕರವಾಯಿತೇನೋ. "ಒಣಮೆಣಸಿನಕಾಯಿ ತೊಟ್ಟು ನಾಕೈದು ಉಗುರುಬೆಚ್ಚನ ಹಾಲಿನ್ಯಾಗ ಹಾಕಿ ಮುಚ್ಚಿಡ್ರಿ. ಮುಂಜಾನೆ ನೋಡ್ರಿ."

ಖಾರದ ತೊಟ್ಟಿನಿಂದ ಮೊಸರೇ ಎಂದು ಒಳಗೊಳಗೇ ನಗುತ್ತ, ಬೇರೆ ದಾರಿಯಿಲ್ಲದೆ ಹಾಕಿದೆ. ಬೆಳಗಾಗುವಷ್ಟರಲ್ಲಿ ಹಾಲು ತೆಳ್ಳಗೆ ಹೆಪ್ಪುಗಟ್ಟಿತ್ತು. ಖಾರದ ಸುಳಿವೇ ಇಲ್ಲ. ನಾನು ಚಿತ್ರ ಬರೆಯುತ್ತಿದ್ದ ಜೀವಿಗಳು ಆ ತೊಟ್ಟಿನಲ್ಲೂ ಮನೆ ಮಾಡಿಕೊಂಡಿದ್ದವು. ಅದನ್ನು ಮೊದಲು ಕಂಡುಕೊಂಡ ಹೆಂಗಸು ಯಾರೋ, ಯಾವ ಪೇಚಿನಲ್ಲಿ ಸಿಕ್ಕಿದ್ದಳೋ. ಅವಳಿಗೆ ನಿಂತಲ್ಲೇ ಕೈಮುಗಿದೆ.

ಮಧ್ಯಾಹ್ನ ಶಾಂತವ್ವ ಬಂದಳು. ಉಣ್ಣಲು ಕುಳಿತು ಒಂದು ತುತ್ತು ಬಾಯಿಗಿಟ್ಟವಳು ಕೈ ನಿಲ್ಲಿಸಿದಳು.

"ಇದು ನಮ್ಮವ್ವನ ಮೊಸರಲ್ಲ."

ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಕಣ್ಣು ಒರೆಸಿಕೊಂಡಳು. ನನಗೆ ನನ್ನ ಮೇಲೆ ಬಹಳ ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಏನೋ ನೆನಪಾದವಳಂತೆ ಎದ್ದು, ಖಾಲಿ ಬಟ್ಟಲು ಹಿಡಿದು ನಿಂಗವ್ವನ ಮನೆಗೆ ಹೋದಳು. ಆರು ತಿಂಗಳ ಹಿಂದೆ ನಿಂಗವ್ವನ ಎಮ್ಮೆ ಈದಾಗ ಹೆಪ್ಪು ಒಯ್ದದ್ದು ನಮ್ಮ ಮನೆಯಿಂದಲೇ. ಅದೇ ಹೆಪ್ಪಿನ ಮೊಸರಿದ್ದ ಬಟ್ಟಲಿನೊಂದಿಗೆ ನಿಂಗವ್ವನೂ ಬಂದಳು.

"ನಿಮ್ಮನ್ಯಾಗಿರೂದು ನಮ್ಮ ಹೆಪ್ಪ ಅಂತ ನಿನ್ನೇನ ಹೇಳಬಹುದಿತ್ತಲ್ಲವ್ವಾ" ಎಂದೆ.

"ಹೇಳಿದ್ರ ಸೂರ್ಯಾ ಹುಟ್ಟೂದ ತಡ ಒಯ್ದು ಹಾಕಿ ಸುಮ್ಮನ ಕುಂದರ್ತಿದ್ರಿ" ಎಂದಳು ನಿಂಗವ್ವ. "ಈಕಿ ಮುಂದ ಬಾಯಿ ಬಿಡತಿದ್ರೇನು?"

ಶಾಂತವ್ವ ನಕ್ಕಳು.

ಆಮೇಲೆ ನನಗೆ ಹಾನಗಲ್ಲಿಗೆ ವರ್ಗವಾಯಿತು, ಅಲ್ಲಿಂದ ಹಿರೇಕೆರೂರಿಗೆ. ಪ್ರತಿ ಊರಿನಲ್ಲೂ ಶಾಂತವ್ವ ಮಾಡಿದ ಮೊದಲ ಕೆಲಸ, ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಕರೆದು ಕರೆದು ಹೆಪ್ಪು ಕೊಡುವುದು. ನಾನು ಕಲಿಸಿದ ವಿಜ್ಞಾನ ಆ ಊರುಗಳಲ್ಲಿ ಯಾರ ತಲೆಯಲ್ಲಿ ಉಳಿದಿದೆಯೋ ಹೇಳಲಾರೆ. ನಮ್ಮತ್ತೆಯವರು ಮಾತ್ರ ಅಲ್ಲಿ ಇವತ್ತೂ ಯಾವುದೋ ಮನೆಯ ಗಡಿಗೆಯಲ್ಲಿ ಹೆಪ್ಪುಗಟ್ಟುತ್ತಿರಬೇಕು.