ಪದ್ಮವ್ವ ಕಾಕುವಿನ ರಟ್ಟೆನೋವು

ಯಾರಾದರೂ ಒಳ್ಳೆಯ ಕೆಲಸ ಮಾಡಿದರೆಂದು ಕೇಳಿದ ಕೂಡಲೇ ‘ಇದರಲ್ಲಿ ಅವರಿಗೇನು ಲಾಭ?’ ಎಂದು ಹುಡುಕುವುದು ನನ್ನ ಚಟ. ಗೋಕಾಕದಲ್ಲಿ ವಕೀಲಿ ಮಾಡುವವನಿಗೆ ಇದು ಅಂಟುರೋಗ. ಕರದಂಟಿನಲ್ಲಿ ಕೊಬ್ಬರಿಯೆಷ್ಟು, ಬೆಲ್ಲವೆಷ್ಟು ಎಂದು ಬಿಡಿಸುತ್ತ ಕೂತವನಿಗೆ ತಿನ್ನುವ ಸುಖವಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಹೇಳಲಿ. ಚಾರ್ವಾಕರಿಂದ ಹಿಡಿದು ವಿಲಾಯತಿಯ ಪಂಡಿತರವರೆಗೆ ದೊಡ್ಡ ದೊಡ್ಡವರು ನನ್ನ ಬೆನ್ನಿಗಿದ್ದಾರೆ. ಸ್ವಾರ್ಥವಿಲ್ಲದೆ ಮನುಷ್ಯ ಕಡ್ಡಿಯನ್ನೂ ಎತ್ತಿಡುವುದಿಲ್ಲ ಎಂಬುದು ನಮ್ಮೆಲ್ಲರ ಮತ. ಈ ಮತಕ್ಕೆ ಸೇರದವಳೆಂದರೆ ಮಮದಾಪುರದ ನನ್ನ ಚಿಕ್ಕಮ್ಮ, ಪದ್ಮವ್ವ ಕಾಕು.

ಕಾಕುವಿನ ಹಿತ್ತಲ ಬಾವಿಯ ನೀರೇ ಓಣಿಗೆಲ್ಲ. ಊರ ಹೊರಗಿನ ಕೇರಿಯವರು ಮಾತ್ರ ಹಗ್ಗ ಮುಟ್ಟುವಂತಿರಲಿಲ್ಲ. ಕೊಡ ಇಟ್ಟು ದೂರ ನಿಂತು, ಯಾರಾದರೂ ಸೇದಿ ಹಾಕುವವರೆಗೆ ಕಾಯಬೇಕು. ಸ್ವರಾಜ್ಯ ಬರುವ ಮೊದಲಿನ ಒಂದು ಬೇಸಿಗೆ. ಕೋರ್ಟಿಗೆ ರಜೆಯೆಂದು ನಾನೂ ಅಲ್ಲಿಗೆ ಹೋಗಿದ್ದೆ. ಆ ಕೇರಿಯ ಯಲ್ಲವ್ವ, ತುಂಬು ಬಸುರಿ, ಬಿಸಿಲಲ್ಲಿ ಕಾದು ಕಾದು ಕುಸಿದುಬಿಟ್ಟಳು. ಮರುದಿನ ಬೆಳಿಗ್ಗೆ ಕಾಕು ಬಾವಿಯ ಹಗ್ಗವನ್ನು ಕೇರಿಯ ಹೆಂಗಸರ ಕೈಗೇ ಕೊಟ್ಟಳು.

ಊರ ಹಿರಿಯರು ಅಂಗಳಕ್ಕೆ ಬಂದರು. ಆಗಷ್ಟೇ ಕಾಕುವಿನ ಮಗಳಿಗೆ ಹುಕ್ಕೇರಿಯ ಸಂಬಂಧ ಗೊತ್ತಾಗಿತ್ತು.

“ಸುದ್ದಿ ಬೀಗರಿಗೆ ಮುಟ್ಟಿದ್ರ ಲಗ್ನ ಮುರೀತೈತಿ. ವಿಚಾರ ಮಾಡ್ರಿ ಪದ್ಮವ್ವಾ” ಎಂದರು.

ಕಾಕು ಸೆರಗು ಸರಿಮಾಡಿಕೊಂಡು, “ಏನ್ ಮಾಡೂದ್ರೀ, ನನ್ನ ರಟ್ಟಿ ನೋಯಾಕತ್ತಾವು. ಎಲ್ಲಾರಿಗೂ ಎಷ್ಟಂತ ಸೇದ್ಲಿ? ಅವ್ರ ಸೇದ್ಕೊಳ್ಳಲಿ ಬಿಡ್ರಿ. ಇಲ್ಲಾ, ನೀವು ಬಂದು ಸೇದಿ ಹಾಕ್ರಿ” ಎಂದಳು.

ಹಿರಿಯರು ಎದ್ದು ನಡೆದರು. ನನಗೋ ಒಳಗೊಳಗೇ ಹಿಗ್ಗು. ಧೈರ್ಯದ ಬುಡ ಕೆದಕಿದರೆ ಸಿಕ್ಕಿದ್ದು ರಟ್ಟೆನೋವು.

ಸುದ್ದಿ ಹುಕ್ಕೇರಿಗೆ ಹೋಗಿಯೇ ಹೋಯಿತು. ಬೀಗರು ಚಕ್ಕಡಿ ಕಟ್ಟಿಕೊಂಡು ಬಂದಿಳಿದರು. ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಕೇರಿಯ ಹೆಂಗಸರು ಸೇದಿಟ್ಟ ನೀರನ್ನೇ ಕಾಕು, ನಮ್ಮ ಜೈನರ ಪದ್ಧತಿಯಂತೆ, ಎರಡು ಮಡಿಕೆಯ ಅರಿವೆಯಲ್ಲಿ ಸೋಸಿ ಬೀಗರ ಮುಂದಿಟ್ಟಳು. ಅವರು ತಂಬಿಗೆ ನೋಡಿದರು, ಬಾವಿ ನೋಡಿದರು. ಆಮೇಲೆ ಗಟಗಟ ಕುಡಿದು ಮೀಸೆ ಒರೆಸಿಕೊಂಡರು.

“ನೀರು ಭಾಳ ಸಿಹಿ ಅದಾವ್ರೀ. ಲಗ್ನದ ಅಡಗಿಗೂ ಇವ ಇರ್ಲಿ.”

ನನಗೆ ಕುಣಿಯಬೇಕೆನಿಸಿತು. ಕಾಕು ಮಾತ್ರ ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು.

ಲಗ್ನದ ಹಿಂದಿನ ದಿನ ನೋಡುತ್ತೇನೆ, ಇದೇ ಕಾಕು ತುಂಬಿದ ಹಂಡೆಯನ್ನು ಒಬ್ಬಳೇ ಎತ್ತಿ ಒಲೆಯ ಮೇಲಿಟ್ಟಳು. ನನ್ನ ಸಿದ್ಧಾಂತದ ಸೊಂಟ ಮುರಿಯಿತು. ಬೆನ್ನಟ್ಟಿ ಹೋಗಿ ರಟ್ಟೆಯ ಸಮಾಚಾರ ಕೇಳಿದೆ. ಅವಳು ಸೋಸಿದ ಅರಿವೆಯನ್ನು ಬಾವಿಯೊಳಗೆ ಮೆಲ್ಲಗೆ ಜಾಲಿಸುತ್ತಿದ್ದಳು.

“ಅರಿವ್ಯಾಗ ಸಿಕ್ಕ ಹುಳಾನೂ ನಾವು ತಿರುಗಿ ಬಾವಿಗೆ ಬಿಡ್ತೇವಿ. ಹುಳಕ್ಕ ಇದ್ದ ಜಾಗಾ ಬಸರಿ ಹೆಣಮಗಳಿಗೆ ಇಲ್ಲಂದ್ರ ಹ್ಯಾಂಗೋ ತಮ್ಮಾ?”

“ಹಿರ್ಯಾರ ಮುಂದ ಇದನ್ನ ಯಾಕ ಹೇಳಲಿಲ್ಲ?”

“ಅವ್ರಿಗೆ ತಿಳಿಯೂ ಮಾತು ಹೇಳಿದೆ” ಎಂದು ಕಾಕು ನಕ್ಕಳು. “ನಿನಗೂ ಅದ ತಿಳೀತು ನೋಡು.”

ಆ ಹಗ್ಗವನ್ನು ಮತ್ತೆ ಯಾರೂ ಕಸಿದುಕೊಳ್ಳಲಿಲ್ಲ. ಯಲ್ಲವ್ವನ ಮಗಳೂ ಅದೇ ಬಾವಿಯಲ್ಲಿ ಸೇದಿ ದೊಡ್ಡವಳಾದಳು. ನನ್ನ ಚಟ ಹೋಗಿಲ್ಲ, ಈಗಲೂ ಲಾಭ ಹುಡುಕುತ್ತೇನೆ. ಸಿಕ್ಕಾಗ ಮಾತ್ರ, ಇದು ಖರೆ ಕಾರಣವೋ, ನನ್ನಂಥ ಜಾಣರಿಗೆಂದು ಮುಂದಿಟ್ಟ ಕಾರಣವೋ ಎಂದು ಒಮ್ಮೆ ಸೋಸಿ ನೋಡುತ್ತೇನೆ.